ಕೂಡೋದಾ, ಕಳೆಯೋದಾ? ಪುಟ್ಟ ಮಕ್ಕಳಿಗೆ ಕಥೆಲೆಕ್ಕ ಕಲಿಸುವ ಬಗೆ

"ಮಿಸ್, ಇದು ಕೂಡೋದಾ, ಕಳೆಯೋದಾ?" ಒಂದನೇ, ಎರಡನೇ ತರಗತಿಗೆ ಪಾಠ ಮಾಡುವ ಯಾರನ್ನು ಬೇಕಾದರೂ ಕೇಳಿ, ಈ ಪ್ರಶ್ನೆ ಕಿವಿಗೆ ಬೀಳದ ದಿನವಿಲ್ಲ. ಬೋರ್ಡಿನ ಮೇಲೆ 8 + 5 ಎಂದು ಬರೆದರೆ ಚಕಚಕನೆ ಮಾಡಿ ಮುಗಿಸುವ ಮಗು, ಅದನ್ನೇ ಎರಡು ಸಾಲಿನ ಕಥೆಯಾಗಿ ಕೊಟ್ಟಾಗ ಪೆನ್ಸಿಲ್ ಕಚ್ಚುತ್ತಾ ಕೂರುತ್ತದೆ. ಮನೆಯಲ್ಲಿ "ಇನ್ನೊಂದ್ಸಲ ಸರಿಯಾಗಿ ಓದು" ಎಂದು ಗದರುತ್ತಾರೆ. ಎಷ್ಟೋ ಸಲ ಮಗು ಸರಿಯಾಗಿಯೇ ಓದಿರುತ್ತದೆ, ಆದರೆ ಓದಿದ್ದು ಅದರ ಕಣ್ಣ ಮುಂದೆ ನಡೆದಿರುವುದಿಲ್ಲ.

ಹಾಗಾಗಿ ನಾನು ಪಾಠದಲ್ಲಿ ಹಿಡಿದುಕೊಂಡಿರುವ ಸೂತ್ರ ಒಂದೇ. "ಕೂಡೋದಾ ಕಳೆಯೋದಾ" ಎಂಬುದಕ್ಕೆ ಮೊದಲು "ಏನಾಯ್ತು?" ಎಂದು ಕೇಳುವುದು. ಮುಂದೆ ಹೇಳುವುದೆಲ್ಲ ಇದನ್ನು ಮನೆಯಲ್ಲಿ, ತರಗತಿಯಲ್ಲಿ ಮಾಡುವ ಕ್ರಮ. 5ರಿಂದ 8 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಸಾಮಾನು ಹೆಚ್ಚೇನೂ ಬೇಡ. ತೊಳೆದು ಒಣಗಿಸಿದ ಒಂದು ಬೊಗಸೆ ಹುಣಸೆಬೀಜ, ಪೊರಕೆ ಕಡ್ಡಿಯೋ ಐಸ್‌ಕ್ರೀಂ ಕಡ್ಡಿಯೋ ಒಂದಿಷ್ಟು, ರಬ್ಬರ್ ಬ್ಯಾಂಡು, ಮುಚ್ಚಳವಿರುವ ಸಣ್ಣ ಡಬ್ಬಿ, ಸ್ಲೇಟು ಬಳಪ, ಸ್ವಲ್ಪ ಚಿಲ್ಲರೆ. ನೋಡಲು ಚೆಂದ ಎಂದು ಗುಲಗಂಜಿ ಕೊಡಬೇಡಿ, ಆ ಬೀಜ ವಿಷ. ಮನೆಯಲ್ಲಿ ಅಂಬೆಗಾಲಿಡುವ ಕೂಸಿದ್ದರೆ ಹುಣಸೆಬೀಜವೂ ಗಂಟಲಿಗೆ ಸಿಕ್ಕೀತು, ಪಾಠ ಮುಗಿದ ಕೂಡಲೇ ಎತ್ತಿಡಿ.

ಕಥೆಗೆ ಮೊದಲು ಎಣಿಕೆ ನೋಡಿ

ಮಗು ನೂರರವರೆಗೆ ಗಡಗಡ ಹೇಳುತ್ತದೆ ಎಂದ ಮಾತ್ರಕ್ಕೆ ಎಣಿಸಲು ಬರುತ್ತದೆ ಎಂದಲ್ಲ. 9 ಬೀಜ ಸುರಿದು ಎಣಿಸಲು ಹೇಳಿ. ಎಣಿಸಿ ಮುಗಿಸಿದ ಮೇಲೆ "ಹಾಗಾದ್ರೆ ಎಷ್ಟಿವೆ?" ಎಂದು ಕೇಳಿ. ಮಗು ಮತ್ತೆ ಒಂದರಿಂದ ಶುರುಮಾಡಿದರೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಸಂಖ್ಯೆ ಎಂಬುದು ಇನ್ನೂ ಮನಸ್ಸಿಗೆ ಕೂತಿಲ್ಲ. ಅದೇ ಬೀಜಗಳನ್ನು ದೂರದೂರ ಹರಡಿ "ಈಗ?" ಎನ್ನಿ. "ಜಾಸ್ತಿ ಆಯ್ತು" ಎಂದರೆ ಇನ್ನೂ ಒಂದಷ್ಟು ದಿನ ಬರೀ ಎಣಿಸುವ ಆಟ ಆಡಿಸಿ. ಅವಸರ ಬೇಡ.

ಇನ್ನೊಂದು ಪರೀಕ್ಷೆ ಇದೆ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. "6ರಿಂದ ಮುಂದಕ್ಕೆ ಹೇಳು" ಮತ್ತು "6ರಿಂದ ಹಿಂದಕ್ಕೆ ಹೇಳು". ನಡುವಿನಿಂದ ಮುಂದಕ್ಕೆ ಹೋಗಲು ಬಾರದ ಮಗು 8 + 5 ಮಾಡುವಾಗ ಎಂಟನ್ನೂ ಮೊದಲಿಂದ ಎಣಿಸುತ್ತದೆ. ಹಿಂದಕ್ಕೆ ಬರಲು ಬಾರದ ಮಗುವಿಗೆ ಕಳೆಯುವುದು ಎಂದರೆ ಬಂಡೆ ಎತ್ತಿದಷ್ಟು ಭಾರ. ರಾಕೆಟ್ ಹಾರಿಸುವ ಆಟ ಇದಕ್ಕೆ ಒಳ್ಳೆಯದು. ಹತ್ತರಿಂದ ಸೊನ್ನೆಗೆ ಇಳಿದು "ಶ್ರೀಹರಿಕೋಟ!" ಎಂದು ಹಾರುವುದು. ನನ್ನ ತರಗತಿಯಲ್ಲಿ ಹನ್ನೆರಡರಿಂದಲೂ ಇಪ್ಪತ್ತರಿಂದಲೂ ರಾಕೆಟ್ ಹಾರುತ್ತದೆ.

ಬೆರಳು ಎಣಿಸಿದರೆ ಬೈಯಬೇಡಿ. ನಮ್ಮ ಅಜ್ಜಿಯಂದಿರು ಬೆರಳಿನ ಗೆರೆ ಮುಟ್ಟಿಕೊಂಡು ಹಾಲಿನ ಲೆಕ್ಕ, ಕೂಲಿ ಲೆಕ್ಕ ಎರಡನ್ನೂ ಮಾಡಿದವರು. ಬೆರಳಿನ ಅವಶ್ಯಕತೆ ತೀರಿದ ದಿನ ಮಗು ತಾನೇ ಬಿಡುತ್ತದೆ.

ಬಾಯಲ್ಲಿ ಕಥೆ, ಕೈಯಲ್ಲಿ ಬೀಜ

ಮೊದಲ ಕೆಲವು ವಾರ ಪುಸ್ತಕ, ಪೆನ್ಸಿಲ್ ಎರಡನ್ನೂ ದೂರ ಇಡಿ. 2022ರ ಬುನಾದಿ ಹಂತದ (3ರಿಂದ 8 ವರ್ಷದ ಮಕ್ಕಳ) ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ ಗಣಿತ ಕಲಿಕೆಗೆ ಒಂದು ದಾರಿ ಹೇಳಿದ್ದಾರೆ: ಮೊದಲು ಅನುಭವ, ಆಮೇಲೆ ಮಾತು, ಆಮೇಲೆ ಚಿತ್ರ, ಕೊನೆಗೆ ಬರೆಯುವ ಸಂಕೇತ. ನಾವು ಸಾಮಾನ್ಯವಾಗಿ ಮಾಡುವುದು ಇದರ ತಿರುವುಮುರುವು. ಮೊದಲು + ಮತ್ತು − ಕಲಿಸಿ, ಪಾಠದ ಕೊನೆಯಲ್ಲಿ "ಈಗ ಹೇಳಿಕೆ ಲೆಕ್ಕ" ಎಂದು ನಾಲ್ಕು ಕೊಟ್ಟು ಬಿಡುತ್ತೇವೆ.

ಕಥೆ ಮಗುವಿನದೇ ಆಗಿರಲಿ. "ಅಜ್ಜಿ 7 ಚಕ್ಕುಲಿ ಕರಿದಿಟ್ರು. ನೀನು 2 ತಿಂದೆ. ಎಷ್ಟು ಉಳೀತು?" ಒಂದು ವಾಕ್ಯ ಹೇಳಿ ನಿಲ್ಲಿಸಿ. ಮಗುವಿನ ಕೈ 7 ಬೀಜ ಎತ್ತಿಡುವವರೆಗೆ ಎರಡನೇ ವಾಕ್ಯ ಬಾಯಿಂದ ಬರಬಾರದು. ಎರಡು ಬೀಜ ಪಕ್ಕಕ್ಕೆ ಸರಿದ ಮೇಲೆ ಪ್ರಶ್ನೆ. ಉತ್ತರ ಬರೀ "ಐದು" ಎಂದು ಬಂದರೆ "ಐದು ಏನು?" ಎಂದು ಕೇಳಿ. "ಐದು ಚಕ್ಕುಲಿ ಉಳೀತು" ಎಂದು ಪೂರ್ತಿ ಹೇಳಿಸುವ ಅಭ್ಯಾಸ ಈಗಲೇ ಆಗಲಿ, ಮುಂದೆ ಹೋಲಿಕೆಯ ಲೆಕ್ಕದಲ್ಲಿ ಇದು ಕೈಹಿಡಿಯುತ್ತದೆ. ಸಂಖ್ಯೆಗಳು ಹತ್ತರೊಳಗೇ ಇರಲಿ. ದೊಡ್ಡ ಸಂಖ್ಯೆ ಕೊಟ್ಟರೆ ಮಗುವಿನ ಶಕ್ತಿಯೆಲ್ಲ ಎಣಿಕೆಗೇ ಖರ್ಚಾಗಿ ಕಥೆ ಮರೆತುಹೋಗುತ್ತದೆ.

ತರಗತಿಯಲ್ಲಾದರೆ ಬಸ್ಸಿನ ಆಟಕ್ಕೆ ಸಾಟಿಯಿಲ್ಲ. ಕುರ್ಚಿ, ಚಾಪೆ ಸಾಲಾಗಿ ಹಾಕಿ. ಒಬ್ಬ ಡ್ರೈವರ್, ಒಬ್ಬಳು ಕಂಡಕ್ಟರ್. ಬಸ್ಸಿನಲ್ಲಿ 8 ಜನ. ಸೀಟಿ ಊದಿ "ತರೀಕೆರೆ, ತರೀಕೆರೆ!" ಎಂದಾಗ 3 ಜನ ಇಳಿಯುತ್ತಾರೆ. "ಈಗ ಬಸ್ಸಲ್ಲಿ ಎಷ್ಟು ಜನ?" ಕಂಡಕ್ಟರ್ ಹೇಳಿದ ಮೇಲೆಯೇ "ರೈಟ್ ರೈಟ್". ಮುಂದಿನ ಸ್ಟಾಪಿನಲ್ಲಿ 4 ಜನ ಹತ್ತುತ್ತಾರೆ. ಕೂಡುವುದು ಒಂದು ಪಾಠ, ಕಳೆಯುವುದು ಬೇರೆ ಪಾಠ ಎಂಬ ಗೋಡೆ ಇಲ್ಲಿ ಏಳುವುದೇ ಇಲ್ಲ. ಹತ್ತುವುದು, ಇಳಿಯುವುದು ಎರಡೂ ಒಂದೇ ಬಸ್ಸಿನಲ್ಲಿ. ಕಂಡಕ್ಟರ್ ಆಗಲು ಜಗಳ ಮಾತ್ರ ತಪ್ಪಿದ್ದಲ್ಲ, ಸರದಿ ಮೊದಲೇ ಬರೆದಿಡಿ.

ಸಂಖ್ಯೆ ತೆಗೆದುಹಾಕಿ ನೋಡಿ

1980ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಗಣಿತ ಶಿಕ್ಷಣದ ಸಂಶೋಧಕರು 97 ಪ್ರಾಥಮಿಕ ಶಾಲಾ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟರು. ಹಡಗಿನಲ್ಲಿ 26 ಕುರಿ, 10 ಆಡು ಇವೆ. ಹಡಗಿನ ಕ್ಯಾಪ್ಟನ್‌ಗೆ ಎಷ್ಟು ವಯಸ್ಸು? 76 ಮಕ್ಕಳು ಕೊಟ್ಟ ಸಂಖ್ಯೆಗಳನ್ನೇ ಹೇಗೋ ಸೇರಿಸಿ ಉತ್ತರ ಬರೆದರು. ನಮ್ಮ ಮಕ್ಕಳಿಗೆ "ತೋಟದಲ್ಲಿ 6 ತೆಂಗಿನಮರ, 4 ಅಡಿಕೆಮರ ಇವೆ, ಯಜಮಾನರ ವಯಸ್ಸೆಷ್ಟು?" ಎಂದು ಕೇಳಿ ನೋಡಿ. ಹತ್ತು ವರ್ಷದ ತೋಟದ ಯಜಮಾನರು ಖಂಡಿತ ಸಿಗುತ್ತಾರೆ. ಮಕ್ಕಳು ದಡ್ಡರಲ್ಲ. ಲೆಕ್ಕದ ಪುಸ್ತಕದಲ್ಲಿ ಎರಡು ಸಂಖ್ಯೆ ಕಂಡರೆ ಏನೋ ಒಂದು ಮಾಡಲೇಬೇಕು ಎಂದು ನಾವೇ ಕಲಿಸಿರುತ್ತೇವೆ.

ಈ ಚಾಳಿ ಬೀಳದ ಹಾಗೆ ಮಾಡಲು ಸಂಖ್ಯೆಯೇ ಇಲ್ಲದ ಕಥೆ ಹೇಳಿ. "ಮರದ ಮೇಲೆ ಒಂದಷ್ಟು ಗಿಳಿ ಇದ್ವು. ಕೆಲವು ಹಾರಿಹೋದ್ವು." ಈಗ ಮೊದಲಿಗಿಂತ ಜಾಸ್ತಿ ಇವೆಯಾ, ಕಮ್ಮಿ ಇವೆಯಾ? ಎಲ್ಲವೂ ಹಾರಿಹೋಗಿರಬಹುದಾ? ಮರದ ಮೇಲೆ ಇದ್ದದ್ದಕ್ಕಿಂತ ಜಾಸ್ತಿ ಗಿಳಿ ಹಾರಿಹೋಗಬಹುದಾ? ಕೊನೆಯ ಪ್ರಶ್ನೆಗೆ ಮಕ್ಕಳು ನಗುತ್ತಾರೆ, ಆ ನಗುವೇ ನಮಗೆ ಬೇಕಾದದ್ದು. ಇಷ್ಟು ಮಾತಾದ ಮೇಲೆ "ಸರಿ, 9 ಗಿಳಿ ಇದ್ವು, 4 ಹಾರಿಹೋದ್ವು" ಎಂದು ಸಂಖ್ಯೆ ಹಾಕಿ. ವಾರಕ್ಕೊಮ್ಮೆ ತೋಟದ ಯಜಮಾನರಂಥ ತಮಾಷೆ ಲೆಕ್ಕವೂ ಬರಲಿ. "ಇದಕ್ಕೆ ಉತ್ತರ ಹೇಳೋಕಾಗಲ್ಲ ಮಿಸ್" ಎಂದು ಧೈರ್ಯವಾಗಿ ಹೇಳುವುದೂ ಲೆಕ್ಕವೇ.

'ಒಟ್ಟು ಅಂದ್ರೆ ಕೂಡು' ಪಟ್ಟಿ ಬೇಡ

ಎಷ್ಟೋ ಗೈಡುಗಳಲ್ಲಿ, ಕೆಲವು ತರಗತಿಗಳ ಗೋಡೆಯ ಮೇಲೂ ಒಂದು ಪಟ್ಟಿ ಇರುತ್ತದೆ. 'ಒಟ್ಟು', 'ಸೇರಿ', 'ಹೆಚ್ಚು' ಬಂದರೆ ಕೂಡಬೇಕು. 'ಉಳಿದ', 'ಕೊಟ್ಟ', 'ಕಡಿಮೆ' ಬಂದರೆ ಕಳೆಯಬೇಕು. ನನ್ನ ಕೇಳಿದರೆ ಆ ಪಟ್ಟಿಯನ್ನು ಇವತ್ತೇ ಗೋಡೆಯಿಂದ ತೆಗೆಯಬೇಕು. ಈ ಮೂರು ಲೆಕ್ಕ ನೋಡಿ.

ಸರಳಾ 3 ಮಾವಿನಹಣ್ಣು ತಿಂದಳು. ಬುಟ್ಟಿಯಲ್ಲಿ ಇನ್ನೂ 5 ಉಳಿದಿವೆ. ಮೊದಲು ಎಷ್ಟಿದ್ದವು?

ಬುಟ್ಟಿಯಲ್ಲಿ ಒಟ್ಟು 12 ಹಣ್ಣುಗಳಿವೆ. 7 ಸೀಬೆ, ಮಿಕ್ಕವು ಕಿತ್ತಳೆ. ಕಿತ್ತಳೆ ಎಷ್ಟು?

ರವಿಯ ಹತ್ತಿರ 9 ಗೋಲಿ ಇವೆ. ಸಲೀಮನ ಹತ್ತಿರ ಇರುವುದಕ್ಕಿಂತ ಅವು 3 ಹೆಚ್ಚು. ಸಲೀಮನ ಹತ್ತಿರ ಎಷ್ಟು?

ಪಟ್ಟಿ ನಂಬಿದ ಮಗುವಿನ ಉತ್ತರ ಕ್ರಮವಾಗಿ 2, 19, 12. ಮೂರೂ ತಪ್ಪು. ಕಥೆಯನ್ನು ಕಣ್ಣ ಮುಂದೆ ತಂದುಕೊಂಡ ಮಗುವಿಗೆ 8, 5, 6 ಸಿಗುತ್ತದೆ. ಪಟ್ಟಿ ಒಂದನೇ ತರಗತಿಯಲ್ಲಿ ಅಂಕ ತಂದುಕೊಡುತ್ತದೆ, ನಿಜ. ಮೂರನೇ ತರಗತಿಗೆ ಬರುವಷ್ಟರಲ್ಲಿ ಬಡ್ಡಿ ಸಮೇತ ವಾಪಸ್ ಕಿತ್ತುಕೊಳ್ಳುತ್ತದೆ.

ಕನ್ನಡದಲ್ಲಿ ಲೆಕ್ಕದ ದಿಕ್ಕು ಬಹಳ ಸಲ ಪದದಲ್ಲಿರುವುದಿಲ್ಲ, ಪದದ ಬಾಲದಲ್ಲಿರುತ್ತದೆ. "ಮೀನಾ ಹತ್ತಿರ 6 ಗೋಲಿ ಇದ್ವು. ಮೀನಾ ರಹೀಮನಿಗೆ 2 ಕೊಟ್ಟಳು." "ಮೀನಾ ಹತ್ತಿರ 6 ಗೋಲಿ ಇದ್ವು. ಮೀನಾಗೆ ರಹೀಮ 2 ಕೊಟ್ಟ." ಕೇಳುವುದು ಎರಡರಲ್ಲೂ ಮೀನಾಳ ಹತ್ತಿರ ಈಗ ಎಷ್ಟು ಎಂದೇ. 'ಗೆ' ಯಾರ ಹೆಸರಿಗೆ ಅಂಟಿತು ಎಂಬುದರ ಮೇಲೆ 4 ಅಥವಾ 8. ಅವಸರದಲ್ಲಿ ಓದುವ ಮಗು ಇದನ್ನೇ ನುಂಗಿಬಿಡುತ್ತದೆ. ಇಬ್ಬರು ಮಕ್ಕಳನ್ನು ಎದುರುಬದುರು ಕೂರಿಸಿ ಎರಡೂ ವಾಕ್ಯವನ್ನು ಆಡಿಸಿ. ಬೀಜ ಯಾವ ಕೈಯಿಂದ ಯಾವ ಕೈಗೆ ಹೋಯಿತು ಎಂದು ನೋಡಿದ ಮಗು ಆ 'ಗೆ'ಯನ್ನು ಮುಂದೆ ಬಿಡುವುದಿಲ್ಲ. 'ಇಂದ', 'ಗಿಂತ' ಇವಕ್ಕೂ ಇದೇ ಮದ್ದು.

ಗೊತ್ತಿಲ್ಲದ್ದು ಎಲ್ಲಿ ಅಡಗಿದೆ?

ಕಥೆಲೆಕ್ಕದ ಜೀವ ಇರುವುದು ಇಲ್ಲಿ, ಆದ್ದರಿಂದ ಇಲ್ಲಿ ಸಾವಕಾಶವಾಗಿ ಹೋಗಿ. ಮೂರು ಕಥೆ, ಮೂರರಲ್ಲೂ ಅವೇ 5, 3, 8.

ಗೂಡಿನಲ್ಲಿ 5 ಕೋಳಿ ಇದ್ದವು. ಇನ್ನೂ 3 ಬಂದವು. ಈಗ ಎಷ್ಟು?

ಗೂಡಿನಲ್ಲಿ 5 ಕೋಳಿ ಇದ್ದವು. ಇನ್ನೂ ಕೆಲವು ಬಂದವು. ಈಗ 8 ಇವೆ. ಬಂದದ್ದು ಎಷ್ಟು?

ಗೂಡಿನಲ್ಲಿ ಕೆಲವು ಕೋಳಿ ಇದ್ದವು. ಇನ್ನೂ 3 ಬಂದವು. ಈಗ 8 ಇವೆ. ಮೊದಲು ಎಷ್ಟಿದ್ದವು?

ದೊಡ್ಡವರಿಗೆ ಇವು ಅಕ್ಕಪಕ್ಕದ ಮನೆ. ಮಗುವಿಗೆ ಒಂದೊಂದೂ ಬೇರೆ ಊರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಥಾಮಸ್ ಕಾರ್ಪೆಂಟರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಪುಟ್ಟ ಮಕ್ಕಳು ಇಂಥ ಲೆಕ್ಕಗಳನ್ನು ಹೇಗೆ ಬಿಡಿಸುತ್ತಾರೆಂದು ಕೂತು ನೋಡಿದರು. ಮಕ್ಕಳು ಕಥೆ ನಡೆದ ಕ್ರಮದಲ್ಲೇ ಕೈ ಆಡಿಸುತ್ತಾರೆ. ಮೊದಲ ಕಥೆಯಲ್ಲಿ 5 ಇಡು, 3 ಸೇರಿಸು, ಎಣಿಸು, ಮುಗಿಯಿತು. ಎರಡನೆಯದರಲ್ಲಿ 5 ಇಟ್ಟು, 8 ಆಗುವವರೆಗೆ ಸೇರಿಸುತ್ತಾ ಹೋಗಬೇಕು, ಸೇರಿಸಿದ್ದನ್ನು ಬೇರೆಯಾಗಿ ನೆನಪಿಡಬೇಕು. ಮೂರನೆಯದರಲ್ಲಿ ಕೈಗೆ ಶುರುಮಾಡಲು ಜಾಗವೇ ಇಲ್ಲ. "ಕೆಲವು" ಎಂದರೆ ಎಷ್ಟು ಬೀಜ ಇಡುವುದು?

ನಮ್ಮ ಪುಸ್ತಕಗಳಲ್ಲಿ ಮೊದಲ ಬಗೆಯದೇ ತುಂಬಿರುತ್ತದೆ. ಹಾಗಾಗಿ ಉಳಿದೆರಡನ್ನು ನೀವೇ ಕಟ್ಟಬೇಕು. ಆ ಮುಚ್ಚಳದ ಡಬ್ಬಿ ಈಗ ಹೊರಗೆ ಬರಲಿ. ಗೊತ್ತಿಲ್ಲದ ಸಂಖ್ಯೆ ಯಾವಾಗಲೂ ಡಬ್ಬಿಯೊಳಗೆ.

ಎರಡನೇ ತರಗತಿಯ ಒಬ್ಬ ಹುಡುಗಿಯ ಜೊತೆ ಆದ ಮಾತು ಇದು. ಡಬ್ಬಿಯಲ್ಲಿ ನಾನು ಅವಳಿಗೆ ಕಾಣದ ಹಾಗೆ 7 ಬೀಜ ಹಾಕಿದ್ದೆ. ಅವಳ ಕೈಯಿಂದ ಇನ್ನೂ 4 ಹಾಕಿಸಿ, ಮುಚ್ಚಿ ಅಲುಗಾಡಿಸಿ, "ಈಗ ಒಳಗೆ 11 ಇವೆ. ನೀನು ಹಾಕೋಕೆ ಮುಂಚೆ ಎಷ್ಟಿದ್ವು?" ಎಂದೆ. ಅವಳು ರಾಶಿಯಿಂದ 11 ಬೀಜ ತೆಗೆದಳು, ಪಕ್ಕದಲ್ಲಿ 4 ಇಟ್ಟಳು, ಎಲ್ಲ ಎಣಿಸಿ "ಹದಿನೈದು" ಎಂದಳು.

"ಮುಂಚೆ ಹದಿನೈದು ಇದ್ವಾ?"

"ಹೂಂ."

"ಆಮೇಲೆ ನೀನು ನಾಲ್ಕು ಹಾಕ್ದೆ. ಆಮೇಲೆ ಹನ್ನೊಂದಾಯ್ತಾ?"

ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದಳು. "ಇಲ್ಲ ಮಿಸ್, ಹಾಕಿದ್ರೆ ಕಮ್ಮಿ ಆಗಲ್ಲ." ಮತ್ತೆ ಸುಮ್ಮನಾದಳು. ನಾನೂ ಸುಮ್ಮನಿದ್ದೆ, ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ಟೀಚರ ಕಷ್ಟದ ಕೆಲಸ. ಆಮೇಲೆ ಅವಳು ಹನ್ನೊಂದರ ಗುಂಪಿನಿಂದ ನಾಲ್ಕನ್ನು ಎತ್ತಿ ತನ್ನ ಅಂಗೈಯಲ್ಲಿ ಹಿಡಿದುಕೊಂಡಳು. "ನಾ ಹಾಕಿದ್ದು ನಂಗೆ ವಾಪಸ್ ಬಂದ್ರೆ... ಏಳು." ಮುಚ್ಚಳ ತೆಗೆದು 4 ಹೊರಹಾಕಿ ಎಣಿಸಿ ನೋಡಿದೆವು. ಮತ್ತೊಂದು ಡಬ್ಬಿ ಲೆಕ್ಕ ಬೇಕು ಎಂದು ಅವಳೇ ಕೇಳಿದಳು.

ಇಲ್ಲಿ "ತಪ್ಪು, ಕಳೆಯಬೇಕು" ಎಂದು ನಾನು ಹೇಳಿದ್ದರೆ ಈ ಒಂದು ಲೆಕ್ಕ ಸರಿಹೋಗುತ್ತಿತ್ತು. ಉತ್ತರವನ್ನು ಕಥೆಯೊಳಗೆ ವಾಪಸ್ ಹಾಕಿ ನೋಡುವ ಅಭ್ಯಾಸ ಬರುತ್ತಿರಲಿಲ್ಲ. ಪ್ರತಿ ಲೆಕ್ಕ ಮುಗಿದ ಮೇಲೂ ಉತ್ತರ ಸೇರಿಸಿ ಕಥೆಯನ್ನು ಮೊದಲಿಂದ ಒಮ್ಮೆ ಹೇಳಿಸಿ. ತಪ್ಪಿದ್ದರೆ ಮುಕ್ಕಾಲು ಪಾಲು ಮಕ್ಕಳು ಅಲ್ಲೇ ತಡವರಿಸುತ್ತಾರೆ.

ಕಳೆಯುವ ಕಥೆಗಳಲ್ಲೂ ಇವೇ ಮೂರು ಬಗೆ ಮಾಡಿಕೊಳ್ಳಿ. ಇನ್ನು, ಒಂದೇ ದಿನ ಒಂದೇ ಬಗೆಯ ಹತ್ತು ಲೆಕ್ಕ ಸಾಲಾಗಿ ಕೊಡಬೇಡಿ. 'ಕಳೆಯುವ ಲೆಕ್ಕಗಳು' ಎಂದು ಮೇಲೆ ತಲೆಬರಹ ಹಾಕಿದ ಮೇಲೆ ಕಥೆ ಓದುವ ಅಗತ್ಯವೇ ಮಗುವಿಗೆ ಇಲ್ಲ. ಮೂರು ಲೆಕ್ಕ ಸಾಕು, ಮೂರೂ ಬೇರೆ ಬೇರೆ, ಹತ್ತು ಹದಿನೈದು ನಿಮಿಷ.

ಎಷ್ಟು ಜಾಸ್ತಿ? ಎಷ್ಟು ಕಮ್ಮಿ?

ಹೋಲಿಕೆಯ ಲೆಕ್ಕದಲ್ಲಿ ಯಾರೂ ಬರುವುದಿಲ್ಲ, ಯಾರೂ ಹೋಗುವುದಿಲ್ಲ, ಏನೂ 'ಆಗುವುದಿಲ್ಲ'. ಅದಕ್ಕೇ ಕಷ್ಟ. "ಲತಾ ಹತ್ತಿರ 8 ಪೆನ್ಸಿಲ್, ಗೋಪಿ ಹತ್ತಿರ 5. ಗೋಪಿಗಿಂತ ಲತಾ ಹತ್ತಿರ ಎಷ್ಟು ಜಾಸ್ತಿ?" ಎಂದರೆ ಬಹಳ ಮಕ್ಕಳು "ಎಂಟು" ಎನ್ನುತ್ತಾರೆ. "ಯಾರ ಹತ್ತಿರ ಜಾಸ್ತಿ?" ಎಂದು ಕೇಳಿದ ಹಾಗೆ ಅವರಿಗೆ ಕೇಳಿಸಿರುತ್ತದೆ.

ಟಾಮ್ ಹಡ್ಸನ್ ಎಂಬ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸೊಗಸಾದ ದಾರಿ ತೋರಿಸಿತು. ಹಕ್ಕಿ ಮತ್ತು ಹುಳುಗಳ ಚಿತ್ರ ತೋರಿಸಿ "ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು?" ಎಂದು ಕೇಳಿದಾಗ ಒಂದನೇ ತರಗತಿಗೆ ಮೊದಲಿನ ಮಕ್ಕಳಲ್ಲಿ ನೂರಕ್ಕೆ 25ರಷ್ಟು ಮಂದಿ ಮಾತ್ರ ಸರಿಯಾಗಿ ಹೇಳಿದರು. ಅದೇ ಚಿತ್ರಕ್ಕೆ "ಹಕ್ಕಿಗಳೆಲ್ಲ ಒಂದೊಂದು ಹುಳು ಹಿಡಿಯಲು ಓಡಿದರೆ ಎಷ್ಟು ಹಕ್ಕಿಗೆ ಹುಳು ಸಿಗುವುದಿಲ್ಲ?" ಎಂದಾಗ ನೂರಕ್ಕೆ 96 ಮಂದಿ ಹೇಳಿದರು. ಮಕ್ಕಳು ಅವರೇ, ಸಂಖ್ಯೆಯೂ ಅದೇ.

ನಮಗೆ ಹುಳು ಹುಡುಕುವ ಶ್ರಮವೂ ಬೇಡ, ಬಿಸಿಯೂಟದ ಸಾಲು ಇದೆ. 7 ಮಕ್ಕಳು, 5 ತಟ್ಟೆ. "ಎಷ್ಟು ಜನಕ್ಕೆ ತಟ್ಟೆ ಸಿಗಲ್ಲ?" ಇಬ್ಬರಿಗೆ. ಆಮೇಲೆ ಅದರ ಬೆನ್ನಿಗೇ, "ಹಾಗಾದ್ರೆ ತಟ್ಟೆಗಿಂತ ಮಕ್ಕಳು ಎಷ್ಟು ಜಾಸ್ತಿ?" ಎರಡನೇ ಪ್ರಶ್ನೆ ಮೊದಲನೆಯದರ ಹೆಗಲೇರಿ ಬರುತ್ತದೆ. ಸರ್ಕಾರಿ ಶಾಲೆಯಲ್ಲಿ ಮೊಟ್ಟೆ ಕೊಡುವ ದಿನ ಮೊಟ್ಟೆ ಬೇಕಾದವರು, ಬಾಳೆಹಣ್ಣು ಬೇಕಾದವರು ಎಂದು ಕೈ ಎತ್ತಿಸುತ್ತೇವಲ್ಲ, ಅದೂ ಕಣ್ಣೆದುರಿನ ಹೋಲಿಕೆ ಲೆಕ್ಕವೇ. ಮೊಟ್ಟೆಯವರದು ಒಂದು ಸಾಲು, ಹಣ್ಣಿನವರದು ಒಂದು ಸಾಲು, ಎದುರುಬದುರು ಕೈಹಿಡಿದು ನಿಲ್ಲಲಿ. ಜೊತೆ ಸಿಗದೆ ಉಳಿದವರೇ 'ಜಾಸ್ತಿ'. ಹಾಜರಿ ಪುಸ್ತಕವೂ ದಿನಾ ಒಂದು ಲೆಕ್ಕ ಕೊಡುತ್ತದೆ: ತರಗತಿಯಲ್ಲಿ 23 ಮಕ್ಕಳು, ಬಂದವರು 19, ಬರದವರು ಎಷ್ಟು? ಮನೆಯಲ್ಲಾದರೆ ಅಕ್ಕ ತಮ್ಮಂದಿರ ವಯಸ್ಸು, ಅಮ್ಮ ಮಾಡಿದ ದೋಸೆಯಲ್ಲಿ ಯಾರಿಗೆಷ್ಟು ಸಿಕ್ಕಿತು ಎಂಬ ತಕರಾರು.

ಚಿತ್ರ, ಆಮೇಲೆ ಗುರುತು

ಬೀಜದಿಂದ ಸ್ಲೇಟಿಗೆ ಬರುವಾಗ ಮಕ್ಕಳು ಪ್ರತಿ ಕೋಳಿಗೂ ಜುಟ್ಟು, ಕಾಲು, ಮೊಟ್ಟೆ ಬರೆಯುತ್ತಾ ಕೂರುತ್ತಾರೆ. ಒಂದೆರಡು ದಿನ ಬರೆಯಲಿ. ಆಮೇಲೆ "ಕೋಳಿ ಬದಲು ಸೊನ್ನೆ ಸುತ್ತಿದರೆ ಸಾಕಲ್ವಾ?" ಎಂದರೆ ಒಪ್ಪುತ್ತಾರೆ. ಸಂಖ್ಯೆ ಇಪ್ಪತ್ತು ದಾಟಿದಾಗ ಸೊನ್ನೆ ಸುತ್ತುವುದೂ ಬೇಸರ. ಆಗ ಪಟ್ಟಿ ಎಳೆಯಿರಿ. ಉದ್ದದ ಪಟ್ಟಿ ಒಟ್ಟು, ಅದರ ಕೆಳಗೆ ಅಷ್ಟೇ ಉದ್ದದಲ್ಲಿ ಎರಡು ತುಂಡು. ಗೊತ್ತಿರುವ ತುಂಡಿಗೆ ಸಂಖ್ಯೆ, ಗೊತ್ತಿಲ್ಲದ್ದಕ್ಕೆ ಪ್ರಶ್ನೆಚಿಹ್ನೆ. ಸಿಂಗಪುರದ ಶಾಲೆಗಳು 1980ರ ದಶಕದಿಂದ ಈ ಪಟ್ಟಿಚಿತ್ರವನ್ನು ಪಠ್ಯದಲ್ಲೇ ಇಟ್ಟುಕೊಂಡಿವೆ. ಹೋಲಿಕೆಯ ಲೆಕ್ಕಕ್ಕೆ ಎರಡು ಪಟ್ಟಿ ಒಂದರ ಕೆಳಗೊಂದು, ಎಡತುದಿ ಸಮವಾಗಿರಬೇಕು ಅಷ್ಟೆ.

+, −, = ಬರುವುದು ಈ ಎಲ್ಲದರ ಕೊನೆಗೆ. ಡಬ್ಬಿಯನ್ನು ಆಡಿದ ಮಗುವಿಗೆ 5 + □ = 8 ಎಂದು ಬರೆದರೆ ಆ ಚೌಕ ಏನೆಂದು ಹೇಳಿಕೊಡಬೇಕಾಗಿಲ್ಲ. ಡಬ್ಬಿ ಆಡದ ಮಗು ಅಲ್ಲಿ 13 ಬರೆಯುತ್ತದೆ, ಏಕೆಂದರೆ ಅದರ ಪಾಲಿಗೆ = ಎಂದರೆ 'ಉತ್ತರ ಬರೆ'. ಇದು ತಕ್ಕಡಿಯ ಮುಳ್ಳಿದ್ದ ಹಾಗೆ, ಎರಡೂ ಕಡೆ ತೂಕ ಒಂದೇ ಇರಬೇಕು ಎಂದು ತೋರಿಸಿ. ಆಗಾಗ 8 = 5 + 3 ಎಂದು ತಿರುಗಿಸಿಯೂ ಬರೆಯಿರಿ.

ಹತ್ತು ದಾಟಿದ ಮೇಲೆ

8 + 5 ಕೇಳಿದಾಗ ಮಗು ಎಂಟರಿಂದ ಮುಂದೆ "ಒಂಬತ್ತು, ಹತ್ತು, ಹನ್ನೊಂದು..." ಎಂದು ಎಣಿಸಿದರೆ ಸಂತೋಷ. ಅಲ್ಲಿಂದ ಮುಂದಿನ ಮೆಟ್ಟಿಲು ಹತ್ತು ಮಾಡಿಕೊಳ್ಳುವುದು. ಐದರಿಂದ ಎರಡನ್ನು ಎಂಟಕ್ಕೆ ಕೊಟ್ಟರೆ ಹತ್ತು, ಮಿಕ್ಕಿದ್ದು ಮೂರು, ಹದಿಮೂರು. ಕಡ್ಡಿಗಳು ಈಗ ಕೆಲಸಕ್ಕೆ ಬರುತ್ತವೆ. ಹತ್ತಾದ ಕೂಡಲೇ ರಬ್ಬರ್ ಬ್ಯಾಂಡು ಹಾಕಿ ಒಂದು ಕಟ್ಟು. ಇಪ್ಪತ್ತಮೂರು ಎಂದರೆ ಎರಡು ಕಟ್ಟು, ಮೂರು ಬಿಡಿ.

ಕಳೆಯುವಾಗಲೇ ನಿಜವಾದ ಪೇಚು. 52 − 27 ಕೊಟ್ಟರೆ 35 ಎಂಬ ಉತ್ತರ ಪ್ರತಿ ತರಗತಿಯಲ್ಲೂ ಬರುತ್ತದೆ. ಎರಡರಲ್ಲಿ ಏಳು ಹೋಗಲ್ಲ, ಹಾಗಾಗಿ ಏಳರಲ್ಲಿ ಎರಡು ಕಳೆದುಬಿಟ್ಟಿರುತ್ತಾರೆ. ಹಳ್ಳಿ ಮಕ್ಕಳ ಕಲಿಕೆ ಎಷ್ಟಿದೆ ಎಂದು ನೋಡಲು ಪ್ರಥಮ್ ಸಂಸ್ಥೆ ನಡೆಸುವ ಅಸರ್ ಸಮೀಕ್ಷೆಯಲ್ಲಿ 'ಕಳೆಯಲು ಬರುತ್ತದೆ' ಎಂದು ಗುರುತಿಸಲು ಮಕ್ಕಳಿಗೆ ಕೊಡುವುದೂ ಒಂದು ಹತ್ತನ್ನು ಬಿಡಿ ಮಾಡಿಕೊಳ್ಳಬೇಕಾದ ಇಂಥ ಎರಡಂಕಿಯ ಲೆಕ್ಕವನ್ನೇ.

ಇದಕ್ಕೆ ನನ್ನ ಮೆಚ್ಚಿನ ಕಥೆ ಅಂಗಡಿಯದು. ಮಗುವಿನ ಕೈಗೆ ಹತ್ತರ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಕೊಡಿ. ಆಟದ ನೋಟಾದರೂ ಸರಿ. "27 ರೂಪಾಯಿ ಕೊಡು, ಸರಿಯಾಗಿ ಕೊಡು, ನನ್ನ ಹತ್ತಿರ ಚಿಲ್ಲರೆ ಇಲ್ಲ" ಎನ್ನಿ. ಎರಡು ನೋಟು ಕೊಡುತ್ತದೆ, ಎರಡು ನಾಣ್ಯ ಕೊಡುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಇನ್ನೂ ಐದು ಬೇಕು, ಇರುವುದು ನೋಟು. ಸ್ವಲ್ಪ ಕಾಯಿರಿ. "ಇದಕ್ಕೆ ಚಿಲ್ಲರೆ ಮಾಡಿಸ್ಕೊಂಡು ಬರ್ಲಾ?" ಎಂದು ಯಾವುದೋ ಮಗು ಕೇಳೇ ಕೇಳುತ್ತದೆ. ನಾವು 'ಪಕ್ಕದ ಮನೆಯಿಂದ ಸಾಲ' ಎಂದು ವರ್ಷಗಟ್ಟಲೆ ಬಾಯಿಪಾಠ ಮಾಡಿಸುವುದು ಇದನ್ನೇ. ಆ ಸಾಲವನ್ನು ಯಾರೂ ತೀರಿಸಿದ್ದು ನಾನು ನೋಡಿಲ್ಲ, ಚಿಲ್ಲರೆ ಮಾಡಿಸುವುದಾದರೆ ಮಗುವಿಗೆ ಅರ್ಥವಾಗುತ್ತದೆ. ನೋಟು ಹೋಯಿತು, ಹತ್ತು ನಾಣ್ಯ ಬಂತು, ದುಡ್ಡು ಮಾತ್ರ ಅಷ್ಟೇ ಇದೆ.

ಅಂಗಡಿಯವರ ದಾರಿಯೂ ಒಂದಿದೆ. 27 ರೂಪಾಯಿಯ ಸಾಮಾನಿಗೆ 50ರ ನೋಟು ಕೊಟ್ಟರೆ ಅವರು ಕಳೆಯುವುದೇ ಇಲ್ಲ. "ಇಪ್ಪತ್ತೇಳು, ಮೂರು ಮೂವತ್ತು, ಇಪ್ಪತ್ತು ಐವತ್ತು" ಎಂದು ಮೇಲಕ್ಕೆ ಹತ್ತುತ್ತಾ 23 ಕೈಗಿಡುತ್ತಾರೆ. ಇದನ್ನೂ ಕಲಿಸಿ. ಕ್ಯೂಆರ್ ಕೋಡ್ ಬಂದ ಮೇಲೆ ಮಕ್ಕಳ ಕೈಗೆ ಚಿಲ್ಲರೆ ಸಿಗುವುದೇ ಕಮ್ಮಿಯಾಗಿದೆ. ವಾರಕ್ಕೊಂದು ಸಲವಾದರೂ ಕೊತ್ತಂಬರಿ ಸೊಪ್ಪಿಗೋ ಬಾಳೆಹಣ್ಣಿಗೋ ನೋಟು ಕೊಟ್ಟು ಮಗುವನ್ನೇ ಕಳಿಸಿ, ಬಂದ ಮೇಲೆ ಲೆಕ್ಕ ಒಪ್ಪಿಸಲು ಹೇಳಿ.

ಮನೆಮಾತು, ಶಾಲೆಮಾತು

ಇಂಗ್ಲಿಷ್ ಮಾಧ್ಯಮದ ಮಗು 'ಹೌ ಮೆನಿ ಮೋರ್' ಎಂಬಲ್ಲಿ ಎಡವಿದರೆ ಲೆಕ್ಕ ಬರುವುದಿಲ್ಲ ಎಂದು ತೀರ್ಮಾನಿಸುವ ಮುಂಚೆ ಅದೇ ಕಥೆಯನ್ನು ಮನೆಮಾತಿನಲ್ಲಿ ಹೇಳಿ ನೋಡಿ. ಕನ್ನಡ ಶಾಲೆಯಲ್ಲೂ ಇದೇ ಮಾತು. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ ಆಡುವ ಮಕ್ಕಳು ನಮ್ಮ ತರಗತಿಗಳಲ್ಲಿ ಎಷ್ಟು ಜನ! ಮನೆಮಾತಿನಲ್ಲಿ ಬಿಡಿಸಿದರೆ ಅಡ್ಡಿ ಇರುವುದು ವಾಕ್ಯದಲ್ಲಿ, ಅಲ್ಲೂ ತೊಡರಿದರೆ ಮಾತ್ರ ಬೀಜಕ್ಕೆ ವಾಪಸ್ ಹೋಗಿ.

ನಲಿ-ಕಲಿ ತರಗತಿಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಅಲ್ಲಿ ಮೂರು ಪಾಠ ತಯಾರಿಸುವ ಬದಲು ಕಥೆ ಒಂದೇ ಹೇಳಿ, ಸಂಖ್ಯೆ ಬದಲಿಸಿ. ಒಂದನೆಯವರಿಗೆ 9 ಕೋಳಿ, ಎರಡನೆಯವರಿಗೆ 42, ಮೂರನೆಯವರಿಗೆ 315. ದೊಡ್ಡವರು ಚಿಕ್ಕವರ ಬೀಜ ಎಣಿಸಿ ನೋಡಲಿ.

ಕಥೆ ಕಟ್ಟುವ ಸರದಿ ಮಕ್ಕಳದು

"7 − 3ಕ್ಕೆ ಒಂದು ಕಥೆ ಹೇಳು" ಎನ್ನಿ. "ಏಳು ದೆವ್ವ ಇದ್ವು, ಮೂರು ಹೆದರ್ಕೊಂಡು ಓಡಿಹೋದ್ವು, ಎಷ್ಟು ದೆವ್ವ ಉಳೀತು?" ಎಂದರೆ ಲೆಕ್ಕ ಸರಿಯಾಗಿದೆ, ದೆವ್ವದ ಬಗ್ಗೆ ಆಮೇಲೆ ಮಾತಾಡಬಹುದು. "ಏಳು ಹುಲಿ ಇದ್ವು, ಮೂರು ಆನೆ ಬಂದ್ವು, ಉಳಿದದ್ದು ಎಷ್ಟು?" ಎಂದರೆ 'ಉಳಿದದ್ದು' ಎಂಬ ಪದ ಮಾತ್ರ ಅಂಟಿಕೊಂಡಿದೆ, ಕಳೆಯುವ ಘಟನೆ ಇನ್ನೂ ಮನಸ್ಸಿನಲ್ಲಿಲ್ಲ ಎಂದರ್ಥ. ಹತ್ತು ಲೆಕ್ಕ ತಿದ್ದಿದರೂ ಗೊತ್ತಾಗದ ಸಂಗತಿ ಇಂಥ ಒಂದು ಕಥೆಯಲ್ಲಿ ಗೊತ್ತಾಗುತ್ತದೆ. ಮಕ್ಕಳು ಕಟ್ಟಿದ ಕಥೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮುಂದಿನ ವಾರ ಬೇರೆಯವರಿಗೆ ಅದನ್ನೇ ಕೊಡಿ. ತನ್ನ ಲೆಕ್ಕವನ್ನು ಗೆಳೆಯ ಬಿಡಿಸಲಾಗದೆ ಒದ್ದಾಡುವುದನ್ನು ನೋಡುವ ಖುಷಿಯೇ ಬೇರೆ.

ಡಬ್ಬಿಯಲ್ಲಿ ಬಚ್ಚಿಟ್ಟ ಬಗೆಯ ಕಥೆಯನ್ನು, ಅಂದರೆ ಮೊದಲು ಎಷ್ಟಿತ್ತು ಎಂದು ಕೇಳುವುದನ್ನು, ಮಗು ತಾನೇ ಕಟ್ಟಲು ಶುರುಮಾಡಿದರೆ ಎರಡು ಹೆಜ್ಜೆಯ ಲೆಕ್ಕಕ್ಕೆ ಹೋಗಬಹುದು. ಬಸ್ಸನ್ನೇ ಮತ್ತೆ ಹೊರಡಿಸಿ: "ಬೀರೂರಿನಲ್ಲಿ 6 ಜನ ಇಳಿದ್ರು, 9 ಜನ ಹತ್ತಿದ್ರು. ಈಗ ಬಸ್ಸಲ್ಲಿ 30 ಜನ ಇದ್ದಾರೆ. ಬೀರೂರಿಗೆ ಬರೋಕೆ ಮುಂಚೆ ಎಷ್ಟು ಜನ ಇದ್ರು?"